ಇಳಿದ ತೂಕಕ್ಕೆ ಚಪ್ಪಾಳೆ

ಮೊನ್ನೆ ಶನಿವಾರ ಮಗಳು ಶಾಲೆಯಿಂದ ಬರುತ್ತಲೇ ಆರೋಗ್ಯದ ಕಾರ್ಡನ್ನು ನನ್ನ ಮುಂದೆ ಹಿಡಿದಳು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ ಬರೆದುಕೊಡುವ ಕಾರ್ಡು ಅದು. ಹೋದ ತಿಂಗಳಂತೆ ಈ ತಿಂಗಳೂ ತೂಕ ಇಳಿದಿತ್ತು. ದಪ್ಪಗಿದ್ದವಳು ತೆಳ್ಳಗಾಗುತ್ತಿದ್ದಾಳೆಂದು ತರಗತಿಯೆಲ್ಲ ಚಪ್ಪಾಳೆ ಹೊಡೆಯಿತಂತೆ. ಹೆಂಡತಿ ಅವಳ ಬೆನ್ನು ತಟ್ಟಿದಳು. ನಾನು ಮಾತ್ರ ಕಾರ್ಡನ್ನು ಮಡಚಿ ಹಿಂದಕ್ಕೆ ಕೊಟ್ಟೆ. ಮಗಳು ಮುಖ ಊದಿಸಿಕೊಂಡು ಒಳಗೆ ಹೋದಳು. ಇವನೆಂಥ ತಂದೆ ಎಂದು ನಿಮಗೂ ಅನಿಸಿರಬಹುದು. ಸ್ವಲ್ಪ ಕೇಳಿ.

ಒಂದು ಕಾಲಕ್ಕೆ ನಾನೂ ದಪ್ಪ ಹುಡುಗ. ದಪ್ಪ ಎಂಬುದು ಮರ್ಯಾದೆಯ ಮಾತಾಯಿತು. ಓಣಿಯಲ್ಲಿ ನನ್ನನ್ನು ಗುಂಡ್ಯಾ ಎಂದೇ ಕರೆಯುತ್ತಿದ್ದರು. ಊರನ್ನು ಆಗ ಗುಲ್ಬರ್ಗ ಎನ್ನುತ್ತಿದ್ದೆವು. ಜಗತ್ ಸರ್ಕಲ್ಲಿನ ಮಿರ್ಚಿ ಭಜಿಯ ಬಂಡಿಯವನಿಗೆ ನನ್ನ ನಿಜವಾದ ಹೆಸರು ಗೊತ್ತಿತ್ತು, ಶಾಲೆಯ ಎಷ್ಟೋ ಮಾಸ್ತರರಿಗೆ ಗೊತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಗುರಪ್ಪ ಮಾಸ್ತರ ಎಂಬ ನಿವೃತ್ತ ಡ್ರಿಲ್ ಮಾಸ್ತರರಿದ್ದರು. ಮಕ್ಕಳು ಕರಿದದ್ದು ತಿಂದು ಮೈ ಬೆಳೆಸಿಕೊಂಡು ಹಾಳಾಗುತ್ತಿವೆ ಎಂದು ಹಿರಿಯರನ್ನೆಲ್ಲ ಕೂಡಿಸಿ, ಭಾನುವಾರ ಬೆಳಿಗ್ಗೆ ಆರೋಗ್ಯದ ಪಾಠ ಶುರುಮಾಡಿದರು. ಓಟ, ಬಸ್ಕಿ, ಮೊಳಕೆಯೊಡೆದ ಹೆಸರುಕಾಳು, ಕೊನೆಗೆ ತೂಕ. ತೂಗುವ ಯಂತ್ರ ಎಲ್ಲಿಂದ ಬರಬೇಕು? ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ ನಮ್ಮಪ್ಪ, ತೊಗರಿ ಚೀಲ ತೂಗುವ ಹಳೆಯ ಕಾಟಾವನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಚೀಲಕ್ಕೂ ನನಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ ಬಿಡಿ, ಆದರೆ ಚೀಲಕ್ಕೆ ಅಂಜಿಕೆಯಿಲ್ಲ. ಮಾಸ್ತರರು ಒಬ್ಬೊಬ್ಬರ ತೂಕವನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಇಳಿದವರಿಗೆ ಓಣಿಯೆಲ್ಲ ಚಪ್ಪಾಳೆ, ಏರಿದವರಿಗೆ ಮೌನ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ. ಗಾತ್ರದಲ್ಲಿ ನಾನು ಇಲಿಯಾಗಿರಲಿಲ್ಲ, ಸಂಕಟ ಮಾತ್ರ ಇಲಿಯದೇ. ಆ ಮೌನಕ್ಕೆ ಹೆದರಿ ನನಗೆ ಶನಿವಾರವೇ ಹೊಟ್ಟೆನೋವು ಬರುತ್ತಿತ್ತು.

ಹನ್ನೊಂದನೆಯ ವಯಸ್ಸಿನ ಬೇಸಿಗೆಯಲ್ಲಿ, ನಾನೇನೂ ಮಾಡದೆ, ತೂಕ ಇಳಿಯತೊಡಗಿತು. ಮಾಸ್ತರರು ನನ್ನನ್ನು ಮುಂದೆ ನಿಲ್ಲಿಸಿ, ಇವನನ್ನು ನೋಡಿ ಕಲಿಯಿರಿ ಎಂದರು. ನೀರು ಚೆನ್ನಾಗಿ ಕುಡಿಯಬೇಕೆಂದು ಹೇಳಿದವರೂ ಅವರೇ. ನಾನು ಕೊಡಕ್ಕೇ ಬಾಯಿ ಹಚ್ಚುತ್ತಿದ್ದೆ. ಎಷ್ಟು ಕುಡಿದರೂ ನಾಲಗೆ ಒಣಗುತ್ತಿತ್ತು. ಕಾಲಲ್ಲಿ ಕಸುವಿರಲಿಲ್ಲ. ಆಗಬಾರದ್ದೇನೋ ಆಗುತ್ತಿದೆ ಎಂದು ನನಗೆ ತಿಳಿದಿತ್ತು, ನಿಜಕ್ಕೂ ತಿಳಿದಿತ್ತು. ಆದರೆ ಹೇಳಿದರೆ ಚಪ್ಪಾಳೆ ನಿಂತುಹೋಗುತ್ತದಲ್ಲ. ಸಾಯುವ ಭಯಕ್ಕಿಂತ ಮತ್ತೆ ಗುಂಡ್ಯಾ ಆಗುವ ಭಯ ದೊಡ್ಡದಾಗಿತ್ತು. ಸುಸ್ತಾಗುತ್ತದೇನೋ ಎಂದು ಅವ್ವ ಕೇಳಿದಾಗ ಇಲ್ಲವೆಂದೆ.

ರಜೆಗೆ ಕಮಲಾಪುರದ ಸೋದರತ್ತೆಯ ಮನೆಗೆ ಹೊರಟೆ. ಮಹಾಗಾಂವ ದಾಟುವಷ್ಟರಲ್ಲಿ ಮೂತ್ರಕ್ಕೆಂದು ಎರಡು ಸಲ ಬಸ್ಸು ನಿಲ್ಲಿಸಿ ಇಳಿದು, ಕಂಡಕ್ಟರನಿಂದ ಬೈಸಿಕೊಂಡೆ. ಅತ್ತೆಯದು ಕೆಂಪು ಬಾಳೆಯ ತೋಟ. ಹೋದ ಕೂಡಲೇ ಹಣ್ಣು ಕೈಗಿಡುತ್ತಿದ್ದವಳು ಆ ಸಲ ಹಣ್ಣು ಕೊಡಲಿಲ್ಲ. ಅಂಗಿಯ ಕಾಲರಿನೊಳಗೆ ಎರಡು ಬೆರಳು ತೂರಿಸಿ ನೋಡಿದಳು. ಮರುದಿನ ಬೆಳಿಗ್ಗೆ ನಾನು ಬಚ್ಚಲಿಂದ ಬಂದ ಮೇಲೆ ಅಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ನಾನು ಮೂತ್ರ ಮಾಡಿದ ಜಾಗಕ್ಕೆ ಇರುವೆಗಳು ಸಾಲು ಹಚ್ಚಿದ್ದವು. ಅವಳ ಅತ್ತೆ ಸಕ್ಕರೆ ಕಾಯಿಲೆಯಲ್ಲೇ ತೀರಿಹೋದವಳು. ಆ ಸಾಲಿನ ಅರ್ಥವನ್ನು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಇಂವ ಸಣ್ಣ ಆಗಿಲ್ರೀ, ಕರಗಾಕತ್ತಾನ. ಟೆಂಪೋ ತರ್ರಿ, ಈಗಿಂದೀಗ," ಎಂದು ಮಾವನನ್ನು ಕೂಗಿದಳು.

ದಾರಿಯಲ್ಲಿ ವಾಂತಿ ಮಾಡಿಕೊಂಡದ್ದು ನೆನಪಿದೆ, ಆಮೇಲಿನದು ಇಲ್ಲ. ಎರಡು ದಿನ ಕಣ್ಣು ಬಿಡಲಿಲ್ಲವಂತೆ. ಇನ್ನೊಂದು ದಿನ ತಡವಾಗಿದ್ದರೆ ಹುಡುಗ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಅಪ್ಪನಿಗೆ ಹೇಳಿದರಂತೆ. ಅಂದಿನಿಂದ ಇಂದಿನವರೆಗೆ ದಿನಾ ಇನ್ಸುಲಿನ್ ಸೂಜಿ.

ಮಾಸ್ತರರು ಆಸ್ಪತ್ರೆಗೆ ಬಂದು ಮಂಚದ ಬಳಿ ನಿಂತರು. "ನಾ ಕಾಟಾ ನೋಡಿದೆ, ನಿನ್ನ ಮಾರಿ ನೋಡ್ಲಿಲ್ಲಪಾ," ಎಂದು ಅತ್ತರು. ಪಾಪ, ಅವರು ಕಲಿಸಿದ್ದು ಒಳ್ಳೆಯದನ್ನೇ. ಸುಳ್ಳು ಹೇಳಿದವನು ನಾನು. ಅದನ್ನು ಅವರಿಗೆ ಹೇಳಲಿಲ್ಲ, ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ.

ನನ್ನ ಸಕ್ಕರೆ ನೋಡಿಕೊಳ್ಳುವ ಯಂತ್ರ ಮನೆಯಲ್ಲೇ ಇದೆ. ಶನಿವಾರವೇ ಮಗಳನ್ನು ಪರೀಕ್ಷಿಸಬಹುದಿತ್ತು, ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆ ಅವಳನ್ನು ಕೂಡಿಸಿಕೊಂಡು ಇದನ್ನೆಲ್ಲ ಹೇಳಿದೆ, ನಾನು ಬಚ್ಚಿಟ್ಟ ನೀರಡಿಕೆಯನ್ನೂ ಬಿಡದೆ. ಆಮೇಲೆ ಅವಳ ಬೆರಳಿಗೆ ಚುಚ್ಚಿದೆ. ಅಂಕಿ ಬಂತು, ಸರಿಯಾಗಿಯೇ ಇತ್ತು. ಬದುಕಿದೆ ಎಂದು ಉಸಿರು ಬಿಟ್ಟೆ. ಅವಳು ಮಾತ್ರ ಏಳಲಿಲ್ಲ.

"ಅಪ್ಪಾ, ನಾ ಡಬ್ಬಿ ಊಟ ಸಾಲ್ಯಾಗ ಚೆಲ್ಲಾಕತ್ತೀನಿ," ಎಂದಳು.

ಯಾವಾಗಿನಿಂದ ಎಂದು ಕೇಳಿದೆ.

"ಮದಲ್ನೇ ಸಲ ಚಪ್ಪಾಳಿ ಹೊಡದ್ರಲ್ಲ, ಅವತ್ತಿಂದ."