ಹೊನ್ನೂರಪ್ಪನವರು ಕಡತದ ಮೇಲೆ ಕುಳಿತದ್ದು

ಹೊನ್ನೂರಪ್ಪನವರಿಗೆ ಊರಿಗೊಂದು ನಂಟಸ್ತಿಕೆ ಇತ್ತು. ಕುಷ್ಟಗಿಯ ಒಂದು ಮನೆಗೆ ಅವರು ಸೋದರಮಾವ, ಯಲಬುರ್ಗಾದ ಇನ್ನೊಂದು ಮನೆಗೆ ದೊಡ್ಡಪ್ಪ, ಆನೆಗೊಂದಿಯ ಮುದಕಮ್ಮನಿಗೆ ಅವಳ ತವರೂರು ಅಳವಂಡಿಯಿಂದ ಬರುವ ಅಣ್ಣ. ಇವುಗಳಲ್ಲಿ ಒಂದೂ ನಿಜವಲ್ಲ. ಅವರು ಸರ್ಕಾರದ ಪ್ರೊಬೇಷನ್ ಅಧಿಕಾರಿ. ಮೊದಲ ಸಲ ತಪ್ಪು ಮಾಡಿದವನನ್ನು ಕೋರ್ಟು ಜೈಲಿಗೆ ಹಾಕದೆ, ಎರಡು ವರ್ಷ ನೆಟ್ಟಗೆ ಬಾಳುತ್ತೇನೆ ಎಂದು ಬರೆಸಿಕೊಂಡು ಬಿಡುತ್ತದಲ್ಲ, ಅಂಥವನ ಮೇಲೆ ಕಣ್ಣಿಡುವುದು ಅವರ ಕೆಲಸ. ತಿಂಗಳಿಗೊಮ್ಮೆ ಸೈಕಲ್ ತುಳಿದು ಹೋಗಿ, ನಂಟರಂತೆ ಚಹಾ ಕುಡಿದು, ಮನೆಯ ಸುದ್ದಿ ಕೇಳಿ ಬರುತ್ತಿದ್ದರು. ಕಡತ ಬುತ್ತಿಯ ಚೀಲದಲ್ಲಿ, ರೊಟ್ಟಿಯ ಕೆಳಗೆ ಇರುತ್ತಿತ್ತು. ಊರಿಗೆ ಗೊತ್ತಾದರೆ ಆ ಮನುಷ್ಯನಿಗೆ ಯಾರೂ ಕೆಲಸ ಕೊಡುವುದಿಲ್ಲ ಎಂಬುದನ್ನು ಹದಿನೆಂಟು ವರ್ಷಗಳಲ್ಲಿ ಅವರು ಕಣ್ಣಾರೆ ಕಂಡಿದ್ದರು.

ಮುದಕಮ್ಮನ ಮಗ ಯಮನೂರಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿಯಾಗಿದ್ದಾಗ ಮೋಟಾರಿನ ತಾಮ್ರದ ತಂತಿ ಕದ್ದು ಸಿಕ್ಕಿಬಿದ್ದಿದ್ದ. ಆನೆಗೊಂದಿಯಲ್ಲಿ ಆ ವಿಷಯ ಯಾರಿಗೂ ಗೊತ್ತಿರಲಿಲ್ಲ. ಈಗ ಅವನು ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ತಂಗಿ ಹುಲಗಮ್ಮ ಮದುವೆಯ ವಯಸ್ಸಿಗೆ ಬಂದಿದ್ದಳು. ಕೋರ್ಟು ಅವನಿಗೆ ಕೊಟ್ಟ ಅವಧಿ ಮುಗಿಯಲು ಇನ್ನು ಆರು ತಿಂಗಳಿತ್ತು.

೧೯೮೪ರ ಮಾಘದಲ್ಲಿ ಗಂಗಾವತಿಯ ಪ್ರವಾಸಿ ಮಂದಿರದಲ್ಲಿ ಪ್ರೊಬೇಷನ್ ಕಚೇರಿಗಳ ಮುಖ್ಯಸ್ಥರಾಗುವವರಿಗೆ ಒಂದು ವಾರದ ನಾಯಕತ್ವ ತರಬೇತಿ ನಡೆಯಿತು. ಕೊಪ್ಪಳದಲ್ಲಿ ತೆರೆಯಲಿದ್ದ ಹೊಸ ಕಚೇರಿಗೆ ಹೊನ್ನೂರಪ್ಪನವರ ಹೆಸರಿತ್ತು. ತರಬೇತಿ ಕೊಡಲು ಬಂದ ಕರಿಬಸಪ್ಪ ಎಂಬ ಹಿರಿಯ ಅಧಿಕಾರಿಗೆ ಮೊದಲ ದಿನದಿಂದಲೇ ಅವರನ್ನು ಕಂಡರೆ ಆಗಲಿಲ್ಲ.

"ಅಪರಾಧಿಯ ಮನೆಯಲ್ಲಿ ಚಹಾ ಕುಡಿಯುವವನು ನಾಯಕನಲ್ಲ ಕಣ್ರೀ, ಬೀಗ!" ಎಂದರು. ಉಳಿದವರು ನಕ್ಕರು.

"ಬೀಗನ ಕಂಡ್ರ ಬಾಗಿಲಾ ತೆಗೀತಾರ್ರಿ ಸಾಹೇಬ್ರ. ಸಾಹೇಬನ ಕಂಡ್ರ ಹಿತ್ತಲಾ ಹಾರತಾರ," ಎಂದರು ಹೊನ್ನೂರಪ್ಪ.

ಈ ಸಲ ನಕ್ಕವರನ್ನು ಕರಿಬಸಪ್ಪ ದುರುಗುಟ್ಟಿ ನೋಡಿದರು. ಕೊನೆಯ ದಿನ ಎಲ್ಲರೂ ಜೀಪಿನಲ್ಲಿ ಒಬ್ಬನ ಮನೆಗೆ ದಿಢೀರ್ ತಪಾಸಣೆಗೆ ಹೋಗಬೇಕು ಎಂದರು. ಕಡತ ತೆಗೆದು ಯಮನೂರಪ್ಪನ ಹೆಸರನ್ನೇ ಆರಿಸಿದರು.

"ಜೀಪು ಬ್ಯಾಡ್ರಿ. ಊರಿಗೆಲ್ಲಾ ಗೊತ್ತಾಗತೈತಿ."

"ಗೊತ್ತಾಗಲಿ. ಭಯ ಇರಬೇಕು. ನಿಮ್ಮ ವರದಿ ಬರೆಯುವವನು ನಾನು, ನೆನಪಿರಲಿ."

ಜೀಪು ಊರ ಅಗಸಿಬಾಗಿಲು ದಾಟಿ ಮುದಕಮ್ಮನ ಬಾಗಿಲಿಗೇ ಬಂದು ನಿಂತಿತು. ಇಸ್ತ್ರಿ ಅಂಗಿಯ ಆರು ಜನ ಇಳಿದರು, ಮುಂದೆ ಹೊನ್ನೂರಪ್ಪ. ಪಕ್ಕದ ಮನೆಯ ಕಸ್ತೂರೆಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು ಎದ್ದೇಬಿಟ್ಟಳು. ಮದುವೆಯ ಹಂಗಾಮು, ತವರಿನ ಅಣ್ಣ, ಬೆನ್ನಿಗೆ ಅಪರಿಚಿತ ಗಂಡಸರು. ಅವಳಿಗೆ ಇನ್ನೇನು ತೋರಬೇಕು?

"ಯವ್ವಾ ಮುದಕಮ್ಮಾ! ನಿಮ್ಮಣ್ಣ ಸರಕಾರಿ ಜೀಪಿನ್ಯಾಗ ವರಾ ತಂದಾನ! ಕನ್ಯಾ ನೋಡಾಕ ಬಂದಾರ!"

ಕ್ಷಣದಲ್ಲಿ ಓಣಿಯ ಹೆಂಗಸರು ನೆರೆದರು. ಕಂಬಳಿ ಹಾಸಿದರು, ನೀರು ಕೊಟ್ಟರು, ಯಾರೋ ಎಲೆ ಅಡಿಕೆಯ ತಾಟು ತಂದಿಟ್ಟರು. ಹುಲಗಮ್ಮನಿಗೆ ಸೀರೆ ಉಡಿಸಿ ಮಣೆಯ ಮೇಲೆ ಕೂಡಿಸಿದರು. ಮುದಕಮ್ಮ ಮಾತ್ರ ಕಂಬಕ್ಕೆ ಒರಗಿ, ಬಿಳಚಿದ ಮುಖದಿಂದ ಹೊನ್ನೂರಪ್ಪನವರನ್ನೇ ನೋಡುತ್ತಿದ್ದಳು. ಬಂದವರು ಯಾರೆಂದು ಅವಳಿಗೆ ಗೊತ್ತಾಗಿತ್ತು.

ಕರಿಬಸಪ್ಪ ಕಡತ ಬಿಚ್ಚಿ, "ಎಲ್ಲಿ ಅವನು, ಯಮನೂ..." ಎನ್ನುವಷ್ಟರಲ್ಲಿ ಹೊನ್ನೂರಪ್ಪ ಆ ಕಡತವನ್ನು ಕೈಯಿಂದ ಕಸಿದು, ಕಂಬಳಿಯ ಮೇಲಿಟ್ಟು, ಅದರ ಮೇಲೆ ಕುಳಿತುಬಿಟ್ಟರು.

"ಹುಡುಗಿ ಅಣ್ಣ ಹೊಳಿಗೆ ಹೋಗ್ಯಾನ್ರಿ. ನೀವು ಮೊದಲ ಎಲಿ ಅಡಕಿ ತಗೋರಿ," ಎಂದರು ಗಟ್ಟಿಯಾಗಿ.

ಕರಿಬಸಪ್ಪ ಅವರ ಕಿವಿಯ ಹತ್ತಿರ ಬಾಗಿ ಹಲ್ಲು ಕಚ್ಚಿದರು. "ಏಳ್ರೀ ಮೇಲೆ. ಹೊಸ ಕಚೇರಿ ಬೇಕೋ ಬೇಡವೋ?"

"ಏಳಂಗಿಲ್ರಿ."

ಇಷ್ಟು ಜನರ ಮುಂದೆ ಕೈ ಮಾಡಲಾಗದೆ ಕರಿಬಸಪ್ಪ ಎಲೆ ತೆಗೆದುಕೊಂಡರು. ಹುಡುಗಿಗೆ ಹೆಸರು ಕೇಳುವ ಕೆಲಸವೂ ಅವರ ಪಾಲಿಗೇ ಬಂತು. ಹುಲಗಮ್ಮ ತಲೆ ಎತ್ತದೆ ಹೆಸರು ಹೇಳಿದಳು.

ಹೊರಡುವಾಗ ಹೊಳೆಯಿಂದ ಓಡಿಬಂದ ಯಮನೂರಪ್ಪ ಜೀಪಿನ ಪಕ್ಕ ಹೊನ್ನೂರಪ್ಪನವರಿಗೆ ಅಡ್ಡ ನಿಂತ. "ಮನಿತನಕಾ ಯಾರನ್ನೂ ತರಂಗಿಲ್ಲಂತ ಮಾತ ಕೊಟ್ಟಿದ್ರಿ," ಎಂದ, ಅವರಿಗಷ್ಟೇ ಕೇಳುವಂತೆ. ಹೊನ್ನೂರಪ್ಪ ತಲೆ ತಗ್ಗಿಸಿ ಜೀಪು ಹತ್ತಿದರು.

ಕರಿಬಸಪ್ಪನವರ ವರದಿ ವಾರದಲ್ಲೇ ಬಂತು: ಹಿರಿಯರ ಆಜ್ಞೆ ಪಾಲಿಸುವುದಿಲ್ಲ, ಮುಖ್ಯಸ್ಥರ ಹುದ್ದೆಗೆ ಅರ್ಹರಲ್ಲ. ಅದನ್ನು ಹೊನ್ನೂರಪ್ಪ ಮಡಚಿ ಇಟ್ಟರು. ಅವರನ್ನು ಕೊರೆಯುತ್ತಿದ್ದದ್ದು ಬೇರೆ. ನೋಡಿ ಹೋದವರು ತಿರುಗಿ ಬರದಿದ್ದರೆ ಆ ಮಾತು ಹುಡುಗಿಗೇ ಅಂಟಿಕೊಳ್ಳುತ್ತದೆ. ಮುಂದೆ ಬರುವವರು ಮೊದಲು ಕೇಳುವುದೇ ಅದನ್ನು. ಜಾತಕ ಕೂಡಲಿಲ್ಲವೆಂದು ಹೇಳಿ ಕೈಮುಗಿಯೋಣ ಎಂದುಕೊಂಡು ಅವರು ಮುಂದಿನ ತಿಂಗಳು ಸೈಕಲ್ ಹತ್ತಿದರು.

ಮುದಕಮ್ಮ ಅವರನ್ನು ಮನೆಯವರೆಗೆ ಬರಗೊಡಲಿಲ್ಲ. ದಾರಿಯಲ್ಲೇ, ನೀರಿಗೆ ಬಂದ ಹೆಂಗಸರೆಲ್ಲ ನೋಡುತ್ತಿದ್ದಂತೆ ಕೊಡ ಕೆಳಗಿಟ್ಟು ಶುರುಮಾಡಿದಳು.

"ಬಂದೇನು ಅಣ್ಣಾ? ಎಂಥಾ ವರಾ ತಂದಿದ್ದಿ ನನ್ನ ಮಗಳಿಗೆ? ಕುಡುಕ ಅಂತ ಅವ, ವಿಚಾರಿಸಿ ನಾವ ಒಲ್ಲೆ ಅಂದೀವಿ! ನಂಬಿದ ಮನಿಗೆ ಹೊಲಸ ಮಂದೀನ ಕರಕೊಂಡ ಬಂದೀ, ನಿನ್ನ ಬಾಯಾಗ ಮಣ್ಣ ಬೀಳಲಿ! ಇನ್ನ ನನ್ನ ಹೊಸ್ತಿಲಾ ತುಳದ್ರ ಕಾಲ ಮುರೀತೀನಿ!"

"ಅಯ್ಯ, ಒಡಹುಟ್ಟಿದಾಂವ ಅಲ್ಲೇನ," ಎಂದು ಕಸ್ತೂರೆಮ್ಮ ಬಿಡಿಸಲು ಹೋದಳು.

"ಅದಕ್ಕ ಇಷ್ಟಕ್ಕ ಬಿಟ್ಟೀನಿ!"

ಹೊನ್ನೂರಪ್ಪ ತಲೆ ತಗ್ಗಿಸಿ ನಿಂತು ಪೂರ್ತಿ ಬೈಸಿಕೊಂಡರು. ಒಲ್ಲೆ ಎಂದದ್ದು ಹೆಣ್ಣಿನ ಕಡೆಯವರು ಎಂದು ಇನ್ನು ಊರಿಗೆಲ್ಲ ತಿಳಿಯುತ್ತದೆ. ಆದರೆ ಅವಳ ಕಣ್ಣಿನಲ್ಲಿದ್ದ ಸಿಟ್ಟು ಊರಿಗಾಗಿ ಆಡಿದ್ದಲ್ಲ, ಅದು ಅವರಿಗೂ ತಿಳಿಯಿತು.

ಮನೆಗೆ ಹೋಗುವಂತಿರಲಿಲ್ಲ. ಉಳಿದ ತಿಂಗಳುಗಳಲ್ಲಿ ಅವರು ಎಲ್ಲರಂತೆ ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿ, ಅದರಲ್ಲೇ ಮರಳುತ್ತಿದ್ದರು. ಯಮನೂರಪ್ಪ ಅವರತ್ತ ನೋಡದೆ ಹುಟ್ಟು ಹಾಕುತ್ತಿದ್ದ. ಊರಿಗೆ ಏನೂ ಗೊತ್ತಾಗಿರಲಿಲ್ಲ, ಹರಿಗೋಲಿನ ತುಂಬ ಜನ ಇರುತ್ತಿದ್ದರು. ಹೊನ್ನೂರಪ್ಪ ಅವರನ್ನು ಒಬ್ಬೊಬ್ಬರಾಗಿ ಎಣಿಸುತ್ತಿದ್ದರು. ಕೊನೆಯ ತಿಂಗಳು ದಡ ಮುಟ್ಟಿದಾಗ, "ಇವತ್ತಿಗೆ ಮುಗೀತಪಾ," ಎಂದರು.

"ಇಳೀರಿ," ಎಂದ ಯಮನೂರಪ್ಪ. "ಮಂದಿ ಕಾಯಾಕ ಹತ್ಯಾರ."