ಎಡಕ್ಕೆ ಒಂದೂವರೆ ಇಂಚು

ಲೋರ್ನಾ ವಾವ್ರಾ ಕೈಗೆ ಸ್ಕೇಲು ಬಂದದ್ದು ಒಬ್ಬ ಹುಡುಗಿಯ ಅಳುವಿನಿಂದ. ನೆಬ್ರಾಸ್ಕಾದ ಆ ವಿಶ್ವವಿದ್ಯಾಲಯದಲ್ಲಿ ಆಗ ಆನರ್ಸ್ ಕಾಲೇಜು ಎಂದರೆ ಹಳೇ ಡೈರಿ ಕಟ್ಟಡದ ಎರಡು ಕೋಣೆ, ಹದಿನೆಂಟು ವಿದ್ಯಾರ್ಥಿಗಳು, ಕಚೇರಿ ನೋಡಿಕೊಳ್ಳಲು ಲೋರ್ನಾ, ಅಷ್ಟೇ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆದು ಒಪ್ಪಿಸಬೇಕು. ಅದಕ್ಕೆ ರಟ್ಟು ಹಾಕಿಸಿ ಕಪಾಟಿನಲ್ಲಿಡುತ್ತಾರೆ. ಮೊದಲ ವರ್ಷ ಬೈಂಡಿಂಗಿನಿಂದ ಬಂದ ಒಂದು ಪ್ರಬಂಧದಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರಗಳನ್ನು ಹೊಲಿಗೆ ನುಂಗಿಬಿಟ್ಟಿತ್ತು. ಬರೆದ ಹುಡುಗಿ ಲೋರ್ನಾಳ ಮೇಜಿನೆದುರೇ ಕೂತು ಅತ್ತಳು. ಮರುದಿನ ಲೋರ್ನಾ ಒಂದು ಮರದ ಸ್ಕೇಲು ತಂದಿಟ್ಟುಕೊಂಡಳು. ಎಡಕ್ಕೆ ಒಂದೂವರೆ ಇಂಚು ಜಾಗ ಬಿಟ್ಟಿರಬೇಕು. ಒಂದೇ ಒಂದು ಪುಟದಲ್ಲಿ ಕಮ್ಮಿಯಾದರೂ ಪ್ರಬಂಧ ವಾಪಸ್.

ಅದೇ ಡೈರಿ ಕಟ್ಟಡದ ಅಟ್ಟದಲ್ಲಿ ಹಸುವಿನ ಕೊರಳಗಂಟೆಯೊಂದು ಸಿಕ್ಕಿತ್ತು. ಸ್ಕೇಲಿನಡಿ ಪಾಸಾದವರು ಪ್ರಬಂಧ ಒಪ್ಪಿಸಿ ಆ ಗಂಟೆ ಬಾರಿಸಬೇಕು, ಸದ್ದು ಕೇಳಿ ಎಲ್ಲರೂ ಹೊರಗೆ ಬಂದು ಚಪ್ಪಾಳೆ ತಟ್ಟಬೇಕು, ಲೋರ್ನಾ ಮನೆಯಿಂದ ಮಾಡಿ ತಂದ ಜರ್ದಾಳು ಹಣ್ಣಿನ ಕೊಲಾಚೆ ಎಂಬ ಸಿಹಿ ಬನ್ನು ತಿನ್ನಬೇಕು. ಬೇರೆ ಯಾರೂ ಗಂಟೆ ಮುಟ್ಟುವಂತಿರಲಿಲ್ಲ. ಮುಟ್ಟಲು ಹೋದ ಒಬ್ಬ ಪ್ರೊಫೆಸರನ ಕೈಗೆ ಸ್ಕೇಲಿನಿಂದಲೇ ಒಂದು ಬಿದ್ದಿತ್ತಂತೆ. ಕೇಳಿದರೆ ಲೋರ್ನಾ ಇಲ್ಲ ಅನ್ನುತ್ತಿರಲಿಲ್ಲ.

ಮೂವತ್ತೈದು ವರ್ಷದಲ್ಲಿ ಏಳು ಅಧ್ಯಕ್ಷರು ವಿಶ್ವವಿದ್ಯಾಲಯವನ್ನು ಆಳಿ ಹೋದರು. ಒಬ್ಬ ಆನರ್ಸ್ ಎಲ್ಲ ದಂಡ ಎಂದು ಮುಚ್ಚಲು ಹೊರಟ. ಇನ್ನೊಬ್ಬ ಫುಟ್‌ಬಾಲ್ ತಂಡದ ಪಕ್ಕದಲ್ಲೇ ಅದನ್ನೂ ಹೆದ್ದಾರಿಯ ಜಾಹೀರಾತು ಫಲಕಕ್ಕೇರಿಸಿ, ಎಲ್ಲ ತಾನೇ ಕಂಡುಹಿಡಿದದ್ದು ಎಂಬಂತೆ ಭಾಷಣ ಮಾಡಿದ. ಹದಿನೆಂಟು ಮಂದಿ ಒಂಬೈನೂರಾದರು. ಲೋರ್ನಾ ಮಾತ್ರ ಪುಟ ತಿರುವುತ್ತ ಅಳೆಯುತ್ತಲೇ ಇದ್ದಳು.

ಎಂಟನೆಯವನು ವೆಂಡೆಲ್ ಓಸ್ಟರ್. ಇದೇ ಊರ ಕಡೆಯ ರೈತನ ಮಗ, ಇಲ್ಲೇ ಓದಿದವನು. ಊರೂರು ಸುತ್ತಿ ದಾನ ಎತ್ತಿ ಆನರ್ಸ್ ಕಾಲೇಜಿಗೆ ಆರು ಮಹಡಿಯ ಸ್ವಂತ ಕಟ್ಟಡ ಕಟ್ಟಿಸಿದ. ಮೇ ತಿಂಗಳಲ್ಲಿ ಉದ್ಘಾಟನೆ, ಅದೇ ತಿಂಗಳ ಕೊನೆಗೆ ಲೋರ್ನಾಳ ನಿವೃತ್ತಿ. ಆಹ್ವಾನಪತ್ರಿಕೆ ಅಚ್ಚಾಗಿ ಬಂತು. ಅದರಲ್ಲಿ ಅಧ್ಯಕ್ಷರೇ ಗಂಟೆ ಬಾರಿಸುತ್ತಾರೆ ಎಂದಿತ್ತು.

ಲೋರ್ನಾ ಎದ್ದು ಕಪಾಟಿಗೆ ಹೋದಳು. ಓಸ್ಟರ್ ಹೆಸರಿನ ಪ್ರಬಂಧ ಇರಲಿಲ್ಲ. ಪ್ರಬಂಧ ವಾಪಸ್ ಮಾಡಿದ ಚೀಟಿಗಳ ಡಬ್ಬ ತೆಗೆದಳು. ಅಲ್ಲಿದ್ದ: ಓಸ್ಟರ್, ಪುಟ ಅರವತ್ತೊಂದು, ಬಾವಿಗಳ ನಕ್ಷೆ, ಒಂದೂಕಾಲು ಇಂಚು. ಆಗ ನೆನಪಾಯಿತು. ಕೆಂಪು ಕಿವಿಯ ಹುಡುಗ. ಕಟ್ಟು ಎತ್ತಿಕೊಂಡು ಹೋದವನು ತಿರುಗಿ ಬರಲೇ ಇಲ್ಲ, ಆನರ್ಸ್ ಇಲ್ಲದ ಬರೀ ಡಿಗ್ರಿ ತೆಗೆದುಕೊಂಡು ಹೋಗಿದ್ದ.

ಚೀಟಿ ನೋಡಿ ಆನರ್ಸ್ ಕಾಲೇಜಿನ ಡೀನ್ ಟೆರ್ರಿ ಹಾಲ್‌ಬರ್ಗ್ ತಲೆ ಹಿಡಿದುಕೊಂಡಳು. ಕಟ್ಟಡ ಕಟ್ಟಿಸಿದವನಿಗೆ ಒಂದು ಹಸುವಿನ ಗಂಟೆ ಇಲ್ಲ ಅಂತೀಯಾ, ಇದೊಂದು ಸಲ ಕಣ್ಣು ಮುಚ್ಚಿಕೋ, ಆಮೇಲೆ ಹೇಗೂ ನಿವೃತ್ತಿ ಎಂದು ಬೇಡಿಕೊಂಡಳು.

"ನೂರಾರು ಮಕ್ಕಳನ್ನ ವಾಪಸ್ ಕಳಿಸಿದೀನಿ ಟೆರ್ರಿ," ಎಂದಳು ಲೋರ್ನಾ. "ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡ್ಕೊಂಡು ಬಂದವ್ರು ಅವರು. ಇವರಿಗೊಬ್ಬರಿಗೆ ಬಿಟ್ರೆ ಅವರಿಗೆಲ್ಲ ನಾನು ಏನು ಹೇಳ್ಲಿ?"

ಹಾಗೆಂದು ಬೆನ್ನ ಹಿಂದೆ ಕಡ್ಡಿ ಆಡಿಸುವವಳಲ್ಲ. ಚೀಟಿ ಹಿಡಿದುಕೊಂಡು ನೆಟ್ಟಗೆ ಅಧ್ಯಕ್ಷರ ಕೋಣೆಗೇ ನಡೆದಳು. ಇಷ್ಟು ವರ್ಷದ ಮರ್ಯಾದೆ ಕೊನೇ ತಿಂಗಳಲ್ಲಿ ಹೋದರೆ ಎಂಬ ಭಯ ಅವಳಿಗೂ ಇತ್ತು.

ಓಸ್ಟರ್ ಚೀಟಿ ಓದಿದ. ಕಿವಿ ಕೆಂಪಾದವು, ಅವೇ ಕಿವಿ.

"ಕಾಲು ಇಂಚಿಗೆ ವಾಪಸ್ ಕೊಟ್ರಿ ಮಿಸೆಸ್ ವಾವ್ರಾ. ಆ ಬೇಸಿಗೆ ಪೂರ್ತಿ ನಿಮ್ಮನ್ನ ಬೈಕೊಂಡೇ ಹೊಲದಲ್ಲಿ ಕಳೆ ಕಿತ್ತೆ."

"ಹಾಗಿದ್ರೆ ಕಳೆ ಚೆನ್ನಾಗೇ ಕಿತ್ತಿರ್ತೀರಿ."

ಅವನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ. ಆಮೇಲೆ ಕೇಳಿದ್ದು ಒಂದೇ: "ಈ ಸಲ ಒಪ್ಪಿಸೋಕೆ ಕೊನೇ ದಿನ ಯಾವುದು?"

"ಶುಕ್ರವಾರ. ನಾಲ್ಕು ಗಂಟೆಯೊಳಗೆ."

ಶುಕ್ರವಾರ ಹೊಸ ಕಟ್ಟಡದ ಕಚೇರಿ ಎದುರು ಹನ್ನೊಂದು ಮಕ್ಕಳ ಸಾಲು. ಹನ್ನೆರಡನೆಯವನಾಗಿ ಅಧ್ಯಕ್ಷ, ಕಂಕುಳಲ್ಲಿ ಕಟ್ಟು. ಅವನ ತಾಯಿ ಅದನ್ನು ಎಸೆಯದೆ ಇಟ್ಟಿದ್ದರಂತೆ. ಮಕ್ಕಳು ಮುಂದೆ ಹೋಗಿ ಎಂದರೂ ಅವನು ಸಾಲು ಬಿಡಲಿಲ್ಲ. ಸರದಿ ಬಂದಾಗ ಲೋರ್ನಾ ಒಂದೊಂದೇ ಪುಟ ಅಳೆದಳು. ಅರವತ್ತೊಂದಕ್ಕೆ ಬಂದಾಗ ಡೀನ್ ಗೋಡೆ ಕಡೆ ತಿರುಗಿಕೊಂಡಳು. ನಕ್ಷೆ ಹೊಸದಾಗಿ ಬರೆದದ್ದು. ಲೋರ್ನಾ ಸ್ಕೇಲಿಟ್ಟಳು, ಕನ್ನಡಕ ಸರಿಮಾಡಿಕೊಂಡು ಮತ್ತೆ ಇಟ್ಟಳು.

"ಒಂದೂಮುಕ್ಕಾಲು ಬಿಟ್ಟಿದೀರಲ್ಲ?"

"ನಿಮ್ಮನ್ನ ನಂಬೋ ಹಾಗಿಲ್ಲ," ಎಂದ ಅಧ್ಯಕ್ಷ.

ಸಾಲಿಗೆ ಸಾಲೇ ನಕ್ಕಿತು. ಅವನು ಹಗ್ಗ ಬಿಚ್ಚಿದ ಕರುವಿನ ಹಾಗೆ ಕುಣಿದಾಡುತ್ತ ಗಂಟೆ ಬಾರಿಸಿದ. ಆಮೇಲೆ ಅದನ್ನು ಲೋರ್ನಾಳ ಮುಂದೆ ಹಿಡಿದು, ಈಗ ನೀವು ಎಂದ. ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಕಪಾಟಲ್ಲಿ ನನ್ನ ಪ್ರಬಂಧ ಎಲ್ಲಿದೆ?"

ತಮಾಷೆಗೇ ಅಂದದ್ದು. ಆದರೆ ಅಂದವಳು ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟು ಮದುವೆಯಾಗಿದ್ದಳು. ಓಸ್ಟರ್ ಒತ್ತಾಯ ಮಾಡಲಿಲ್ಲ. ನಿವೃತ್ತರಾದ ನೌಕರರಿಗೆ ಇಲ್ಲಿ ಫೀಸಿಲ್ಲ, ಅರ್ಜಿ ನಿಮ್ಮ ಮೇಜಿನ ಡ್ರಾಯರಿನಲ್ಲೇ ಇದೆ ಎಂದಷ್ಟೇ ಹೇಳಿ ಹೋದ.

ನಿವೃತ್ತಿಯಾದ ಮೇಲಿನ ಮೂರನೇ ಮೇ ತಿಂಗಳಲ್ಲಿ ಅದೇ ಸಾಲಿನಲ್ಲಿ ಲೋರ್ನಾ ನಿಂತಿದ್ದಳು, ತನಗಿಂತ ನಲವತ್ತೈದು ವರ್ಷ ಚಿಕ್ಕವರ ನಡುವೆ, ಊರಿನ ಹಳೇ ಬೇಕರಿಗಳ ಮೇಲೆ ಬರೆದ ಪ್ರಬಂಧ ಹಿಡಿದು. ಮೇಜಿನ ಹಿಂದೆ ಅವಳೇ ಕೆಲಸ ಕಲಿಸಿದ ಜೋಲೀನ್, ಕೈಯಲ್ಲಿ ಅದೇ ಮರದ ಸ್ಕೇಲು. ನಲವತ್ತನೇ ಪುಟದಲ್ಲಿ ಜೋಲೀನಳ ಕೈ ನಿಂತಿತು. ಮುಖ ಸಣ್ಣದಾಯಿತು.

"ಮಿಸೆಸ್ ವಾವ್ರಾ... ಈ ಫೋಟೋ ಹತ್ರ ಒಂದೂಕಾಲೇ ಇದೆ."

ಲೋರ್ನಾ ಬಗ್ಗಿ ನೋಡಿದಳು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಕೊಡಮ್ಮ ಇಲ್ಲಿ, ಸೋಮವಾರ ತರ್ತೀನಿ, ಕೊನೇ ದಿನಕ್ಕೆ ಇನ್ನೂ ಒಂದು ವಾರ ಇದೆ. ನೀನು ಇದನ್ನ ನೋಡಿಯೂ ಬಿಟ್ಟಿದ್ರೆ ನಿನ್ನ ಸುಮ್ನೆ ಬಿಡ್ತಿರ್ಲಿಲ್ಲ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಬಾರಿಸಿದ ಗಂಟೆಗೆ ಆರೂ ಮಹಡಿಯವರು ಹೊರಗೆ ಬಂದರು. ಕೊಲಾಚೆ ಆ ದಿನ ಜೋಲೀನ್ ಮಾಡಿ ತಂದಿದ್ದಳು. ತಳ ಸ್ವಲ್ಪ ಸೀದಿತ್ತು. ಲೋರ್ನಾ ಮೂರು ತಿಂದಳು.