ತಮ್ಮನಿಗೆ ಓದಿ ಹೇಳಿದ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಇಂಗ್ಲಿಷ್ ಅಂದರೆ ನಾನು. ಪಾಸ್‌ಪೋರ್ಟ್ ಅರ್ಜಿಯೋ, ಇನ್ಶೂರೆನ್ಸ್ ಕಾಗದವೋ, ಫ್ರಿಜ್ಜಿನ ವಾರಂಟಿಯೋ, ಎಲ್ಲ ನನ್ನ ಮುಂದೆ ಬಂದು ಬೀಳುತ್ತಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ. ತಮ್ಮ ಹುಟ್ಟಿದ್ದು ಅಪ್ಪನಿಗೆ ಮದ್ರಾಸಿಗೆ ಟ್ರಾನ್ಸ್‌ಫರ್ ಆದ ಮೇಲೆ. ತಮಿಳು ಮೀಡಿಯಂ, ರೈಲ್ವೆಯಲ್ಲಿ ಗುಮಾಸ್ತ. ಐವತ್ತರ ಹತ್ತಿರ ಬಂದರೂ ಮದುವೆ ಬೇಡ ಅಂತಲೇ ಇದ್ದ. ನನ್ನ ಯಜಮಾನರು ಹೋದ ಮೇಲೆ ಮದ್ರಾಸಿನ ಮನೆಯಲ್ಲಿ ನಾವಿಬ್ಬರೇ.

ಬೀದಿಗೊಂದು ಇಂಟರ್‌ನೆಟ್ ಬ್ರೌಸಿಂಗ್ ಸೆಂಟರ್ ಬಂದಿದ್ದ ಕಾಲ. ಒಂದು ಭಾನುವಾರ, "ಅಕ್ಕಾ, ಕಂಪ್ಯೂಟರಲ್ಲಿ ಒಂದಷ್ಟು ಪ್ರಶ್ನೆ ಇದೆ. ನಂಗೆ ಆ ಇಂಗ್ಲಿಷ್ ಬರಲ್ಲ, ಓದಿ ಹೇಳ್ತೀಯಾ?" ಅಂದ. ಪ್ರಮೋಷನ್ ಪರೀಕ್ಷೆ ಅಂದುಕೊಂಡೆ. ನಮ್ಮ ಬೀದಿಯ ಸೆಂಟರ್ ದಾಟಿ, ಎಲೆಕ್ಟ್ರಿಕ್ ಟ್ರೈನ್ ಹತ್ತಿಸಿ ಊರಿನ ಇನ್ನೊಂದು ಮೂಲೆಯ ಗಿಂಡಿಗೆ ಕರೆದುಕೊಂಡು ಹೋದಾಗಲೂ ನನಗೆ ಹೊಳೆಯಲಿಲ್ಲ.

ಪ್ಲೈವುಡ್ ಅಡ್ಡ ಕಟ್ಟಿದ ಸಣ್ಣ ಕ್ಯಾಬಿನ್. ಇಬ್ಬರಿಗೆ ಒಂದೂವರೆ ಕುರ್ಚಿ ಜಾಗ. ಸ್ಕ್ರೀನ್ ನೋಡಿದೆ. ಗಂಡಸರ ಜೊತೆ ಸಂಬಂಧವಿರುವ ಗಂಡಸರ ಆರೋಗ್ಯದ ಬಗ್ಗೆ ಯಾವುದೋ ಫಾರಿನ್ ಯೂನಿವರ್ಸಿಟಿಯ ರಿಸರ್ಚ್. ಹೆಸರು ಬೇಡ. ಎಲ್ಲಕ್ಕೂ ಉತ್ತರ ಕೊಟ್ಟರೆ, ಏಡ್ಸ್ ಟೆಸ್ಟ್ ಮಾಡಿಸಿಕೊಳ್ಳಬೇಕೋ ಬೇಡವೋ ಅಂತ ಕೊನೆಗೆ ಹೇಳುತ್ತಾರಂತೆ.

"ಏನೋ ಇದು?"

"ಎಷ್ಟು ಹೆಣ್ಣು ತೋರಿಸ್ದೆ ನೀನು! ಯಾಕೆ ಬೇಡ ಅಂದೆ ಅಂತ ಈಗ ತಿಳೀತಲ್ಲ." ಅವನು ನನ್ನ ಕಡೆ ತಿರುಗಲಿಲ್ಲ. "ನನ್ನ ಜೊತೆಗಿದ್ದವನು ಹೋದ ತಿಂಗಳು ಹೋಗ್ಬಿಟ್ಟ. ಒಣಗಿ ಕಡ್ಡಿಯಾಗಿದ್ದ. ಭಯ ಆಗ್ತಿದೆ ಅಕ್ಕಾ. ಓದು."

ಓದಿದೆ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್‌ನಲ್ಲಿ ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ನಾನು "ಅದು", "ಆ ಥರ", "ಅವಾಗ" ಅಂತ ತೇಲಿಸಿದರೆ, ಅವನು "ಸರಿಯಾಗಿ ಹೇಳಕ್ಕಾ, ಯಾವ ಥರ?" ಅನ್ನುವನು. ಕೊನೆಗೆ ಬಿಡಿಸಿಯೇ ಹೇಳತೊಡಗಿದೆ. ನಿರೋಧ್ ಹಾಕ್ಕೋತೀಯಾ, ಯಾವಾಗ್ಲೂನಾ, ಒಂದೊಂದ್ಸಲನಾ, ಎಷ್ಟು ಜನರ ಜೊತೆ. ಸುತ್ತ ಇರುವವರೆಲ್ಲ ತಮಿಳರು ತಾನೇ ಅನ್ನುವ ಧೈರ್ಯ. ಕೋಯಂಬೇಡು ತರಕಾರಿ ಮಾರ್ಕೆಟ್ಟಿನಲ್ಲಿ ವ್ಯಾಪಾರಿಯ ಎದುರಿಗೇ ಅವನ ಬದನೆಕಾಯಿಯನ್ನು ಕನ್ನಡದಲ್ಲಿ ಬೈದು ರೂಢಿಯಾದವರು ನಾವು. ಮಾತು ಮುಂದುವರಿದಂತೆ ನನ್ನ ದನಿ ನನಗೇ ಗೊತ್ತಿಲ್ಲದೆ ಟೀಚರ್ ದನಿಯಾಗಿತ್ತು.

ಪ್ಲೈವುಡ್ಡನ್ನು ಆಚೆಯಿಂದ ಯಾರೋ ತಟ್ಟಿದರು. "ಅಮ್ಮಾರ, ಸ್ವಲ್ಪ ಸಣ್ಣ ದನೀಲೆ ಕೇಳ್ರಿ. ನಾ ಹುಬ್ಬಳ್ಳಿಯಂವ."

ಇಷ್ಟು ವರ್ಷವಾದರೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ. My God, ನಾನು ಎದ್ದೇಬಿಟ್ಟೆ. ತಮ್ಮ ನನ್ನ ಸೆರಗು ಹಿಡಿದ, ಚಿಕ್ಕವನಿದ್ದಾಗ ಹಿಡಿಯುತ್ತಿದ್ದ ಹಾಗೆ. "ಅವರಿಗೆ ಕೇಳಿಸಿದ್ದು ಕೇಳಿಸಾಯ್ತು. ನಂಗೆ ಉತ್ತರ ಬೇಕು ಅಕ್ಕಾ."

ಕೂತೆ. ಉಳಿದದ್ದನ್ನು ಅವನ ಕಿವಿಯ ಹತ್ತಿರ ಬಾಯಿ ಇಟ್ಟು ಓದಿದೆ. ಕೊನೆಯ ಪುಟ ಟೆಸ್ಟ್ ಮಾಡಿಸಿಕೊಳ್ಳಿ ಅಂದಿತು. ಹೊರಗೆ ಬರುವಾಗ ಪಕ್ಕದ ಕ್ಯಾಬಿನ್ನಿನಲ್ಲಿ ಚೌಕಳಿ ಶರ್ಟಿನ ಬೆನ್ನು ಮಾತ್ರ ಕಂಡಿತು. ಆ ಪುಣ್ಯಾತ್ಮ ತಿರುಗಲಿಲ್ಲ.

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ಕೌಂಟರಿನ ನರ್ಸಮ್ಮ, ಜೊತೆಗೆ ಬಂದವರು ಯಾರು ಅಂತ ತಮಿಳಿನಲ್ಲಿ ಕೇಳಿದಳು. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಪಕ್ಕದ ಮನೆಯವಳು ಅನ್ನಬೇಕೆಂದು ಬಾಯಿ ತೆರೆದೆ. ಆದರೆ ತಮ್ಮ ನನ್ನ ಮುಖ ನೋಡುತ್ತಿದ್ದ. "ಅಕ್ಕ," ಅಂದೆ.

ರಿಸಲ್ಟ್ ದಿನವೂ ಜೊತೆಗೆ ಹೋದೆ. ನೆಗೆಟಿವ್. ಹೊರಗೆ ಬೇವಿನ ಮರದ ಕೆಳಗೆ ಅವನು ಗೊಳೋ ಅಂತ ಅತ್ತ.

"ಮೆಲ್ಲಗೆ ಅಳೋ, ಹುಬ್ಬಳ್ಳಿಯವರು ಇದ್ದಾರು!" ಅಂದೆ. ಅಳುತ್ತಲೇ ನಕ್ಕ. ನಾನೂ ನಕ್ಕೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ.